ದನಿ ತಿದ್ದುವ ಚಿಕಿತ್ಸೆ ಮನೆಮಾತಲ್ಲಿ ಆಗಲಿ

ಸಿರುಮುಗೈ, ಉಡುಮಲೈ ಕಡೆಯ ನಮ್ಮ ಮನೆಗಳಲ್ಲಿ ಯಾರದಾದರೂ ಮಾತು ತೊದಲಿದರೆ, 'ಕುಡ್ದವ್ನೇನೋ' ಅನ್ನುವವರೇ ಹೆಚ್ಚು. ಅದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವೂ ಇರಬಹುದು. ಮೆದುಳು, ಬೆನ್ನುಹುರಿಯ ನರಗಳ ಮೇಲ್ಪೊರೆ ಹಾಳಾಗಿ ಉಸಿರು, ಗಂಟಲು, ನಾಲಿಗೆಯ ಹಿಡಿತ ತಪ್ಪುತ್ತದೆ, ದನಿ ಕುಗ್ಗುತ್ತದೆ.

ಇದಕ್ಕೆ ಸ್ಪೀಚ್ ಥೆರಪಿ ಉಂಟು. ಉಸಿರು ತುಂಬಿ 'ಆ' ಎಂದು ಗಟ್ಟಿಯಾಗಿ ಎಳೆಯುವುದು, ನಿಲ್ಲಿಸಿ ನಿಲ್ಲಿಸಿ ಮಾತಾಡುವುದು, ದಿನಬಳಕೆಯ ಮಾತುಗಳ ಅಭ್ಯಾಸ. ರೋಗ ವಾಸಿಯಾಗದು, ಆದರೆ ಹೇಳಿದ್ದು ಎದುರಿನವರಿಗೆ ತಿಳಿದೀತು. ಕೊಯಮತ್ತೂರು, ತಿರುಪ್ಪೂರಿನಲ್ಲಿ ಇದು ತಮಿಳಿನಲ್ಲಿ ನಡೆಯುವುದು ಸಹಜ. ನಮಗೂ ತಮಿಳು ಚೆನ್ನಾಗೇ ಬರುತ್ತದೆ ಬಿಡಿ. ಆದರೆ ಹಾಸಿಗೆಯಲ್ಲಿದ್ದವರು 'ಅವ್ವಾ, ನೀರ್ ಕೊಡು' ಅಂತ ಕೂಗಬೇಕಾದ್ದು ಕನ್ನಡದಲ್ಲಿ ತಾನೆ? ಥೆರಪಿಸ್ಟ್ ಕೇಳದಿದ್ದರೂ ನೀವೇ ಹೇಳಿ. ಇಂಥ ಹತ್ತು ಮಾತು ಬರೆದುಕೊಂಡು ಹೋಗಿ. ಕನ್ನಡ ಅಕ್ಷರ ಬರದ ಮಕ್ಕಳು ತಮಿಳು ಅಕ್ಷರದಲ್ಲೇ ಬರೆಯಲಿ, ನಷ್ಟವಿಲ್ಲ. ಸೆಕೆಗೆ ಈ ರೋಗದ ತೊಂದರೆ ಜಾಸ್ತಿ. ಅಭ್ಯಾಸ ಬೆಳಗಿನ ತಂಪಲ್ಲೇ ಮುಗಿಯಲಿ.

1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಬಲ್ಲ ತಜ್ಞರಿದ್ದಾರೆ. ಆದರೆ ಎದ್ದು ಕೂರಲೂ ಸುಸ್ತಾಗುವವರನ್ನು ವಾರವಾರ ದಿಂಬಂ ಘಾಟಿಯ 27 ತಿರುವು ಹತ್ತಿಸಲಾದೀತೆ? ಅಲ್ಲಿನವರು ವಿಡಿಯೊ ಕರೆಯಲ್ಲಿ ಇಲ್ಲಿನ ಥೆರಪಿಸ್ಟರ ಜೊತೆ ಕೂಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಾಯಿಲೆಯೂ ಸೇರಿದೆ. ಕಾರ್ಡಿಗೆ ಅರ್ಜಿ ಕೊಡುವಾಗಲೇ ಈ ಸೌಲಭ್ಯವನ್ನೂ ಬಾಯಿಬಿಟ್ಟು ಕೇಳೋಣ.