ಕಾಲೇಜು ಪತ್ರಿಕೆಯ ಕತ್ತರಿಗೂ ಲೆಕ್ಕ ಬೇಕು

ಪತ್ರಿಕೋದ್ಯಮ ಕಲಿಸುವ ಕಾಲೇಜುಗಳ ಪ್ರಾಯೋಗಿಕ ಪತ್ರಿಕೆ ತೆರೆದರೆ ಸಾಮಾನ್ಯವಾಗಿ ಕಾಣುವುದು ವಾರ್ಷಿಕೋತ್ಸವ, ಅತಿಥಿಗಳ ಭಾಷಣ, ಬಹುಮಾನ ಗೆದ್ದವರ ಪಟ್ಟಿ. ಕೆಜಿಎಫ್, ಬಂಗಾರಪೇಟೆಯ ವಿದ್ಯಾರ್ಥಿಗಳಿಗಂತೂ ಸುದ್ದಿಗೆ ಬರವಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಮುಚ್ಚಿದ ಮೇಲೆ ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳ ಆಸುಪಾಸಿನಲ್ಲಿ ಉಳಿದದ್ದು ಕಾರ್ಮಿಕರ ಲೈನ್ ಮನೆಗಳು ಮತ್ತು ಜನ ಸೈನೈಡ್ ಗುಡ್ಡ ಎಂದು ಕರೆಯುವ ತ್ಯಾಜ್ಯದ ರಾಶಿಗಳು. ಜೋರಾಗಿ ಗಾಳಿ ಬೀಸಿದರೆ ಅದರ ದೂಳು ಮನೆಯೊಳಗೇ ಬರುತ್ತದೆ. ಇದನ್ನು ಬರೆಯುವ ಹಕ್ಕು ವಿದ್ಯಾರ್ಥಿಗೆ ಖಂಡಿತ ಇದೆ. ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ನಾಗರಿಕರಲ್ಲಿ ವಿದ್ಯಾರ್ಥಿಗಳನ್ನು ಬೇರೆ ಮಾಡಿಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿದಾಗ ಆಧಾರವಾಗಿದ್ದ ವಿಧಿಗಳಲ್ಲಿ ಇದೂ ಒಂದು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, 150 ಪದಗಳೊಳಗೆ ಅರ್ಜಿ ಬರೆದರೆ ನಗರಸಭೆ 30 ದಿನಗಳಲ್ಲಿ ಉತ್ತರಿಸಬೇಕು. ಏಕೆ ಕೇಳುತ್ತೀರಿ ಎನ್ನುವಂತಿಲ್ಲ.

ಹುಡುಗರಿಗೆ ವಿವೇಚನೆ ಸಾಲದು, ಮಾನನಷ್ಟ ಮೊಕದ್ದಮೆ ಬಿದ್ದರೆ ಕಾಲೇಜೇ ಅಲೆಯಬೇಕು ಎಂಬುದು ಪ್ರಾಂಶುಪಾಲರ ಅಳಲು. ಆ ಭಯ ಸುಳ್ಳಲ್ಲ. ಆದರೆ ಸಾರ್ವಜನಿಕ ಹಿತಕ್ಕಾಗಿ ಬರೆದ ಸತ್ಯಕ್ಕೆ ಮಾನನಷ್ಟದ ಕಾನೂನಿನಲ್ಲೇ ರಕ್ಷಣೆಯಿದೆ. ಬೇಕಾದದ್ದು ಅದನ್ನು ರುಜುವಾತುಪಡಿಸುವ ದಾಖಲೆ. ಕೆಜಿಎಫ್‌ನಲ್ಲೇ ಹುಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ, ಮಲ ಹೊರುವ ಪದ್ಧತಿಯ ವಿರುದ್ಧದ ಹೋರಾಟಗಾರ ಬೆಜವಾಡ ವಿಲ್ಸನ್ ಇಲ್ಲಿನ ಒಣ ಪಾಯಿಖಾನೆಗಳ ಫೋಟೊಗಳನ್ನೇ ಸಾಕ್ಷಿಯಾಗಿ ಮುಂದಿಟ್ಟು ಆಡಳಿತವನ್ನು ಪ್ರಶ್ನಿಸಿದರು. ಆದರೆ ಅಂಥ ಫೋಟೊದಲ್ಲಿ ಮಲ ಹೊರುವವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿದರೆ ಅವಮಾನ ಇನ್ನೊಮ್ಮೆ ಆದಂತೆ. ಕಾನೂನು ಕೆಲವನ್ನು ಮಾತ್ರ ನೇರವಾಗಿ ತಡೆಯುತ್ತದೆ: ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಶಾಲೆ, ಮನೆ ಯಾವುದನ್ನೂ ಬಯಲು ಮಾಡುವಂತಿಲ್ಲ. ಮಿಕ್ಕದ್ದು ಬರೆಯುವವರ ವಿವೇಕಕ್ಕೆ ಬಿಟ್ಟದ್ದು. ವಿವೇಕ ಬರುವುದು ಬರೆದು, ತಿದ್ದಿಸಿಕೊಂಡು.

ಕಾಲೇಜಿನ ದುಡ್ಡಿನ ಪತ್ರಿಕೆಯಲ್ಲಿ ಕಾಲೇಜಿಗೆ ಮಾತಿರಬಾರದೇ ಎಂದರೆ, ಇರಲಿ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1988ರಲ್ಲಿ ಶಾಲಾ ಪತ್ರಿಕೆಯ ಪುಟಗಳನ್ನು ತೆಗೆದ ಪ್ರಾಂಶುಪಾಲರ ಪರ ನಿಂತಿತು. ಆದರೆ ತಡೆದದ್ದಕ್ಕೆ ಲಿಖಿತ ಕಾರಣ ಕೊಡಲಿ: ದಾಖಲೆ ಸಾಲದೇ, ಎದುರು ಪಕ್ಷವನ್ನು ಕೇಳಿಲ್ಲವೇ, ಯಾರದಾದರೂ ಗುರುತು ಬಯಲಾಗುತ್ತದೆಯೇ? ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ವರದಿ ಅಚ್ಚಾಗಲಿ. ವರದಿ ಬರೆದ ತಪ್ಪಿಗೆ ಇಂಟರ್ನಲ್ಸ್ ಅಂಕಕ್ಕೆ ಕೈಹಾಕುವುದಂತೂ ಸಂಪಾದಕೀಯ ಕೆಲಸವೇ ಅಲ್ಲ.