ಕಿವಿಯ ಉಪಾಸನೆ

ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾದ ಉರುಸನ್ನು ಬೀದರ ಸೀಮೆಯವರೆಲ್ಲ ಬಲ್ಲರು. ಆದರೆ ಅರಬ್ಬೀ ಭಾಷೆಯಲ್ಲಿ ‘ಉರುಸು’ ಎಂದರೆ ಮದುವೆ ಎಂಬುದು ಎಲ್ಲರಿಗೂ ತಿಳಿದಿರಲಾರದು. ಸಂತನ ಮರಣವು ಅಗಲಿಕೆಯಲ್ಲ, ಪರಮಾತ್ಮನೊಡನೆ ಆತನಿಗಾದ ವಿವಾಹ ಎಂಬುದು ಸೂಫಿಗಳ ಭಾವನೆ. ದೂರದ ತುರ್ಕಿ ದೇಶದ ಕೊನ್ಯಾ ನಗರದಲ್ಲಿಯೂ ಇದೇ ಭಾವನೆಯುಂಟು. 1273ರ ಡಿಸೆಂಬರ್ 17ರಂದು ಜಲಾಲುದ್ದೀನ್ ರೂಮಿ ಅಲ್ಲಿ ದೇಹಬಿಟ್ಟರು. ಅಂದಿನ ರಾತ್ರಿಗೆ ‘ಮದುವೆಯ ರಾತ್ರಿ’ ಎಂದೇ ಹೆಸರು.

ಆ ರಾತ್ರಿಯ ‘ಸಮಾ’ ಲೋಕಪ್ರಸಿದ್ಧವಾದುದು. ಮೊದಲು ಪ್ರವಾದಿಯ ಸ್ತುತಿ. ಬಳಿಕ ‘ನೇ’ ಎಂಬ ಜೊಂಡಿನ ಕೊಳಲಿನ ಆಲಾಪನೆ. ದರ್ವೇಶಿಗಳು ಗೋರಿಯ ಸಂಕೇತವಾದ ಕರಿಯ ನಿಲುವಂಗಿಯನ್ನು ಕಳಚುತ್ತಾರೆ. ಒಳಗಿನ ಬಿಳಿಯ ಉಡುಪು ಶವವಸ್ತ್ರ. ತಲೆಯ ಮೇಲಿನ ನೀಳವಾದ ಟೋಪಿ ಗೋರಿಗಲ್ಲು. ಎಡಗಾಲನ್ನು ಊರಿ, ಬಲಗೈಯನ್ನು ಆಕಾಶದ ಕಡೆಗೂ ಎಡಗೈಯನ್ನು ಭೂಮಿಯ ಕಡೆಗೂ ಚಾಚಿ, ನಾಲ್ಕು ಆವರ್ತಗಳಲ್ಲಿ ಸುತ್ತುತ್ತಾರೆ. ಮೇಲಿನಿಂದ ಪಡೆದುದನ್ನು ತನಗೆಂದು ಉಳಿಸಿಕೊಳ್ಳದೆ ಲೋಕಕ್ಕೆ ಹಂಚುವುದೇ ಇದರ ತಾತ್ಪರ್ಯ.

1925ರಲ್ಲಿ ತುರ್ಕಿಯ ಸರ್ಕಾರ ದರ್ವೇಶಿಗಳ ಮಠಗಳನ್ನು ಮುಚ್ಚಿಸಿತು. 1950ರ ದಶಕದಲ್ಲಿ ಈ ವಿಧಿ ಮತ್ತೆ ಬೆಳಕಿಗೆ ಬಂದಿತಾದರೂ, ಬಂದುದು ಸಾರ್ವಜನಿಕ ಪ್ರದರ್ಶನವಾಗಿ. 2005ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆಯಿತು. ಇಂದು ಟಿಕೆಟ್ಟು ಕೊಂಡು ನೋಡುವ ಪ್ರವಾಸಿಗಳಿಗೆ ಕೊರತೆಯಿಲ್ಲ. ಆದರೆ ‘ಸಮಾ’ ಎಂಬ ಮಾತಿಗೆ ಸುತ್ತುವುದು ಎಂದಾಗಲಿ, ನೋಡುವುದು ಎಂದಾಗಲಿ ಅರ್ಥವಿಲ್ಲ. ‘ಕೇಳುವುದು’ ಎಂದಷ್ಟೇ ಅದರ ಅರ್ಥ.

ಈ ಅರ್ಥವನ್ನು ಕಾಯ್ದುಕೊಂಡವರು ಚಿಶ್ತಿ ಪಂಥದ ಸೂಫಿಗಳು. 1422ರಲ್ಲಿ ಕಾಲವಾದ ಕಲಬುರಗಿಯ ಬಂದೇ ನವಾಜರು ಈ ಪರಂಪರೆಯವರೇ. ಸಂಗೀತವು ಧರ್ಮಸಮ್ಮತವಲ್ಲವೆಂದು ಪಂಡಿತರು ವಾದಿಸಿದರೂ ಚಿಶ್ತಿಗಳು ಅದನ್ನು ತೊರೆಯಲಿಲ್ಲ. ಅವರ ಮೆಹಫಿಲಿನಲ್ಲಿ ಕ್ರಮಬದ್ಧವಾಗಿ ಸುತ್ತುವ ವಿಧಿಯಿಲ್ಲ. ಕವ್ವಾಲರು ಹಾಡುತ್ತಾರೆ, ಉಳಿದವರು ಕುಳಿತು ಕೇಳುತ್ತಾರೆ. ಯಾವುದಾದರೊಂದು ಸಾಲಿಗೆ ಕೇಳುಗನೊಬ್ಬ ಪರವಶನಾದನೆಂದರೆ ಗಾಯಕನು ಮುಂದಿನ ಸಾಲಿಗೆ ಹೋಗುವಂತಿಲ್ಲ. ಅದನ್ನೇ ಮತ್ತೆ ಮತ್ತೆ ಹಾಡಬೇಕು. ಆತ ಎದ್ದು ನಿಂತರೆ ಸಭೆಯೆಲ್ಲ ಎದ್ದು ನಿಲ್ಲುವುದು ಮರ್ಯಾದೆ. ಕೊನ್ಯಾದಲ್ಲಿ ದೇಹ ಸುತ್ತಿದರೆ, ಇಲ್ಲಿ ಹಾಡೇ ಸುತ್ತುತ್ತದೆ.

ಕೇಳುವವನಿಗೆ ಈ ಗೌರವವನ್ನು ಸಲ್ಲಿಸಿದ ಇನ್ನೊಂದು ಸ್ಥಳ ಹುಮನಾಬಾದಿನ ಬಳಿಯ ಮಾಣಿಕನಗರ. ಬಾಲ್ಯವನ್ನು ಕಲ್ಯಾಣದಲ್ಲಿ ಕಳೆದ ಮಾಣಿಕಪ್ರಭುಗಳು (1817–1865) ಇಲ್ಲಿ ನೆಲೆನಿಂತು, ಎಲ್ಲ ಮತಗಳನ್ನೂ ಆದರಿಸುವ ಸಕಲಮತ ಸಂಪ್ರದಾಯವನ್ನು ಬೆಳೆಸಿದರು. ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು. ಅವರಲ್ಲಿ ವೀರಶೈವರು ಬಸವಣ್ಣನನ್ನೂ, ಮುಸಲ್ಮಾನರು ಮೆಹಬೂಬ್ ಸುಭಾನಿಯನ್ನೂ ಕಂಡರು. ದತ್ತಜಯಂತಿಯ ದರ್ಬಾರಿನಲ್ಲಿ ಇಂದಿಗೂ ಸಂಗೀತವೇ ಸೇವೆ. ಹಾಡುವವನದು ಒಂದು ಸೇವೆಯಾದರೆ, ಕುಳಿತು ಕೇಳುವವನದೂ ಒಂದು ಸೇವೆಯೇ.

ನಗರದ ಕಚೇರಿಗಳಲ್ಲಿ ಮಂಗಳಕ್ಕೆ ಮೊದಲೇ ಚಪ್ಪಲಿ ಹುಡುಕಲು ಹೊರಡುವ ಶ್ರೋತೃಗಳು ಒಮ್ಮೆಯಾದರೂ ಇಂಥ ಸಭೆಯಲ್ಲಿ ಕುಳಿತು ಬರಬೇಕು. ಕೊನ್ಯಾ ಬಹು ದೂರ. ಹುಮನಾಬಾದು ಅಷ್ಟು ದೂರವಲ್ಲ.