ಅತಿಥಿಗೃಹದ ಒಡೆತನ ಯಾರದು?

ಪರಿಸರ ಪ್ರವಾಸೋದ್ಯಮ ಎಂಬ ಪದದಷ್ಟು ಸವೆದುಹೋದ ನಾಣ್ಯ ಈ ದಿನಗಳಲ್ಲಿ ಇನ್ನೊಂದಿಲ್ಲ. ಗುಡ್ಡ ಬಗೆದು ಕಟ್ಟಿದ ರೆಸಾರ್ಟಿನ ಹೆಬ್ಬಾಗಿಲಲ್ಲೂ ಅದೇ ಪದ, ಹುಲಿಯ ಬೆನ್ನುಹತ್ತುವ ಜೀಪಿನ ಮೈಮೇಲೂ ಅದೇ ಪದ. ಹೀಗಾಗಿ ಕಾಡಿನಲ್ಲಿ ಅತಿಥಿಗೃಹ ಎಂದೊಡನೆ ಪರಿಸರಾಸಕ್ತರಲ್ಲಿ ಹಲವರು ಮುಖ ತಿರುಗಿಸುತ್ತಾರೆ. ಯಾರು ಮಾಡಿದರೂ ವ್ಯಾಪಾರ ವ್ಯಾಪಾರವೇ, ಆದಿವಾಸಿಗಳು ನಡೆಸಿದ ಮಾತ್ರಕ್ಕೆ ಅದು ಪವಿತ್ರವಾಗದು ಎಂಬುದು ಅವರ ವಾದ. ಇನ್ನೊಂದು ತುದಿಯಲ್ಲಿ ಪ್ರವಾಸೋದ್ಯಮದ ಅಧಿಕಾರಿಗಳಿದ್ದಾರೆ. ನಾಲ್ಕಾರು ಬುಡಕಟ್ಟು ಯುವಕರಿಗೆ ಸಮವಸ್ತ್ರ ತೊಡಿಸಿ ಗೈಡ್ ಕೆಲಸ ಕೊಟ್ಟರೆ ‘ಸಮುದಾಯದ ಸಹಭಾಗಿತ್ವ’ ಸಿದ್ಧಿಸಿತೆಂದು ಅವರು ನಂಬಿದ್ದಾರೆ. ಎರಡೂ ಪಕ್ಷಗಳು ಕೇಳದೆ ಬಿಟ್ಟಿರುವುದು ಒಡೆತನದ ಪ್ರಶ್ನೆಯನ್ನು. ಲೆಕ್ಕದ ಪುಸ್ತಕ ಯಾರ ಬಳಿ ಇದೆ? ‘ಬೇಡ’ ಎನ್ನುವ ಅಧಿಕಾರ ಯಾರಿಗಿದೆ?

ಈ ಪ್ರಶ್ನೆಗೆ ಇಕ್ವೆಡಾರ್ ದೇಶದ ಒಂದು ಊರು ತನ್ನದೇ ಉತ್ತರ ಕಂಡುಕೊಂಡಿದೆ. ಅಮೆಜಾನ್ ಮಳೆಕಾಡಿನ ನಾಪೋ ನದಿಯ ದಂಡೆಯಲ್ಲಿರುವ ಅನ್ಯಾಂಗು, ಕಿಚ್ವಾ ಜನರ ಊರು. ಇವರ ಸುಮಾರು 21,400 ಹೆಕ್ಟೇರ್ ಕಾಡು 1979ರಲ್ಲಿ ಘೋಷಿತವಾದ ಯಾಸುನಿ ರಾಷ್ಟ್ರೀಯ ಉದ್ಯಾನದೊಳಗೇ ಇದೆ; ಜನರೂ ಅಲ್ಲೇ ಇದ್ದಾರೆ. 1990ರ ದಶಕದ ಕೊನೆಯಲ್ಲಿ ಹೊರಗಿನ ಪಾಲುದಾರರೊಡನೆ ಸೇರಿ ಅವರು ಸರೋವರವೊಂದರ ಅಂಚಿನಲ್ಲಿ ಅತಿಥಿಗೃಹಕ್ಕೆ ಕೈಹಾಕಿದರು. 2007ರಲ್ಲಿ ‘ನಾಪೋ ವೈಲ್ಡ್‌ಲೈಫ್ ಸೆಂಟರ್’ ಪೂರ್ಣವಾಗಿ ಸಮುದಾಯದ ಸ್ವತ್ತಾಯಿತು. ಅಡುಗೆಯವರೂ ದೋಣಿ ನಡೆಸುವವರೂ ಮಾತ್ರವಲ್ಲ, ಮಾಲೀಕರೂ ಅವರೇ.

ಒಡೆತನ ಬಂದರೆ ಏನು ಬದಲಾಗುತ್ತದೆಂಬುದನ್ನು ಅಲ್ಲಿನ ಕಟ್ಟಳೆಗಳಲ್ಲಿ ಕಾಣಬಹುದು. ತಲೆಮಾರುಗಳಿಂದ ಬೇಟೆಯಾಡಿದ ಜನ ಆ ಕಾಡಿನಲ್ಲಿ ಬೇಟೆಯನ್ನು ತಾವೇ ನಿಷೇಧಿಸಿಕೊಂಡಿದ್ದಾರೆ. ಸರೋವರಕ್ಕೆ ಸಾಗುವ ತೊರೆಯಲ್ಲಿ ಯಂತ್ರದೋಣಿಗೆ ಪ್ರವೇಶವಿಲ್ಲ. ಎಷ್ಟೇ ಹಣ ತೆತ್ತ ಅತಿಥಿಯಾದರೂ ಹುಟ್ಟು ಹಾಕುವ ದೋಣಿಯಲ್ಲಿ ಸುಮಾರು ಎರಡು ಗಂಟೆ ಕುಳಿತೇ ತಲುಪಬೇಕು. ಕೊಳೆತ ಎಲೆಗಳ ಒಗರಿನಿಂದ ಚಹಾದ ಬಣ್ಣ ತಳೆದ ಆ ನೀರಿನಲ್ಲಿ ದೈತ್ಯ ನೀರುನಾಯಿಗಳೂ ಕಪ್ಪು ಕೇಮನ್ ಮೊಸಳೆಗಳೂ ಬದುಕಿವೆ. ಊರಿನ ಸಮೀಪದ ಮಣ್ಣಿನ ದರೆಗಳಿಗೆ ನೂರಾರು ಗಿಳಿಗಳು ಬಂದು ಜೇಡಿಮಣ್ಣು ತಿನ್ನುತ್ತವೆ. ಸಾಗರದಿಂದ ದೂರವಿರುವ ಪಶ್ಚಿಮ ಅಮೆಜಾನಿನಲ್ಲಿ ಸೋಡಿಯಂ ವಿರಳ. ಗಿಳಿಗಳು ಅರಸಿ ಬರುವುದು ಮುಖ್ಯವಾಗಿ ಆ ಉಪ್ಪನ್ನು ಎಂಬುದು ವಿಜ್ಞಾನಿಗಳಲ್ಲಿ ಹಲವರ ಅಭಿಪ್ರಾಯ. ಗಿಳಿಗಳನ್ನು ನೋಡಲು ಅತಿಥಿಗಳು ಬರುತ್ತಾರೆ. ಆ ದರೆ ಹೊರಗಿನ ಕಂಪನಿಯ ಗುತ್ತಿಗೆಯಲ್ಲಿದ್ದಿದ್ದರೆ ಕಿಚ್ವಾ ಜನರಿಗೆ ದಕ್ಕುತ್ತಿದ್ದುದು ದಿನಗೂಲಿ ಮಾತ್ರ. ಇಂದು ಅದೇ ಆದಾಯ ಊರಿನ ಶಾಲೆಗೂ ಆರೋಗ್ಯಕ್ಕೂ ಸಲ್ಲುತ್ತಿದೆ.

ವ್ಯಾಪಾರವೆಲ್ಲ ಒಂದೇ ಎನ್ನುವವರು ಅನ್ಯಾಂಗುವಿನ ನೆರೆಹೊರೆಯನ್ನು ಗಮನಿಸಬೇಕು. ಯಾಸುನಿಯ ನೆಲದಡಿಯಲ್ಲಿ ಕಚ್ಚಾ ತೈಲವಿದೆ. 2007ರಲ್ಲಿ ಇಕ್ವೆಡಾರ್ ಸರ್ಕಾರ ಜಗತ್ತಿನ ಮುಂದೊಂದು ಪ್ರಸ್ತಾಪವಿಟ್ಟಿತು: ಉದ್ಯಾನದ ಪೂರ್ವ ಮೂಲೆಯ ತೈಲವನ್ನು ನೆಲದಲ್ಲೇ ಬಿಡುತ್ತೇವೆ, ಬದಲಾಗಿ 360 ಕೋಟಿ ಡಾಲರ್ ಕೊಡಿ. ಹವಾಮಾನದ ಬಗ್ಗೆ ಕಣ್ಣೀರಿಡುವ ಶ್ರೀಮಂತ ರಾಷ್ಟ್ರಗಳಿಂದ ಬಂದದ್ದು ಅದರ ಕಿಂಚಿತ್ ಭಾಗ! 2013ರಲ್ಲಿ ಯೋಜನೆ ಕೈಬಿಟ್ಟರು. 2016ರಲ್ಲಿ ತೈಲ ಹೊರಬಂತು. 2023ರ ಆಗಸ್ಟ್ 20ರಂದು ದೇಶದ ಮತದಾರರಲ್ಲಿ ಸುಮಾರು ಶೇ. 59 ಮಂದಿ ತೈಲವನ್ನು ನೆಲದಲ್ಲೇ ಉಳಿಸಲು ಮತವಿತ್ತರು. ಬಾವಿಗಳನ್ನು ಮುಚ್ಚಲು ನೀಡಿದ್ದ ಒಂದು ವರ್ಷದ ಗಡುವು ಮುಗಿದಾಗಲೂ ಬಹುಪಾಲು ಬಾವಿಗಳು ತೆರೆದೇ ಇದ್ದವು.

ಈ ಗೆಲುವನ್ನು ಪರಿಸರವಾದಿಗಳು ಮೆರೆಸಿದರು, ಮೆರೆಸತಕ್ಕದ್ದೇ. ಆದರೆ ಅವರು ಸದ್ದಿಲ್ಲದೆ ದಾಟಿಹೋದ ಸಂಗತಿ ಒಂದಿದೆ. ಯಾಸುನಿಯ ಬಹುಭಾಗವನ್ನು ಒಳಗೊಂಡ ಒರೆಯಾನಾ ಪ್ರಾಂತ್ಯದಲ್ಲಿ ಬಹುಮತ ಬಿದ್ದದ್ದು ತೈಲದ ಪರವಾಗಿ! ಆ ಮತದಾರರನ್ನು ಕಾಡಿನ ದ್ರೋಹಿಗಳೆಂದು ಜರೆಯುವುದು ಸುಲಭ. ರಾಜಧಾನಿ ಕೀಟೋದಲ್ಲಿ ಕುಳಿತವನಿಗೆ ಕಾಡು ಒಂದು ಚಿತ್ರ. ಒರೆಯಾನಾದವನಿಗೆ ಕೂಲಿ, ರಸ್ತೆ, ಔಷಧಿ ಎಲ್ಲವೂ ತೈಲ ಕಂಪನಿಯ ಬಾಗಿಲಿನಿಂದಲೇ ಬಂದಿವೆ. ಬೇರೆ ಬಾಗಿಲನ್ನು ತೋರಿಸದೆ ಆ ಬಾಗಿಲನ್ನು ಮುಚ್ಚು ಎನ್ನುವುದು ಯಾವ ನ್ಯಾಯ? ಅನ್ಯಾಂಗುವಿನ ಅತಿಥಿಗೃಹದ ಮಹತ್ವ ಇರುವುದು ಇಲ್ಲಿ. ಅದೊಂದು ಬೇರೆ ಬಾಗಿಲು, ಊರೇ ಕಟ್ಟಿಕೊಂಡದ್ದು.

ಹಾಗೆಂದು ಈ ಬಾಗಿಲು ಭದ್ರವೆಂದು ಬಗೆಯಬಾರದು. ಅತಿಥಿಗಳು ಸಾಗರ ದಾಟಿ ವಿಮಾನದಲ್ಲಿ ಬರುತ್ತಾರೆ. ವಿಮಾನ ಹಾರುವುದೂ ಎಣ್ಣೆಯಿಂದಲೇ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ದೇಶದ ಗಡಿಗಳೇ ಮುಚ್ಚಿದವು. ಮರುತಿಂಗಳು, ಏಪ್ರಿಲ್ 7ರಂದು, ಮೇಲ್ಹರಿವಿನಲ್ಲಿ ಕೋಕಾ ನದಿಯ ದಡ ಕುಸಿದು ಕೊಳವೆಮಾರ್ಗಗಳು ಒಡೆದವು. ಸುಮಾರು 15,800 ಬ್ಯಾರಲ್ ಕಚ್ಚಾ ತೈಲ ಚೆಲ್ಲಿ ಕೋಕಾ, ನಾಪೋ ನದಿಗಳಲ್ಲಿ ಹರಿಯಿತು. ನದಿಯ ನೀರು, ಮೀನುಗಳನ್ನೇ ನಂಬಿದ ಕಿಚ್ವಾ ಊರುಗಳ ಪಾಡು ಏನಾಗಿರಬೇಡ!

ಆ ದಿನಗಳಲ್ಲಿ ನದಿದಂಡೆಯ ಕುಟುಂಬಗಳ ಕೈಹಿಡಿಯಬಲ್ಲದ್ದು ‘ಚಕ್ರ’. ಸಂಸ್ಕೃತದಂತೆ ಕೇಳಿಸಿದರೂ ಪದ ಕಿಚ್ವಾ ನುಡಿಯದು. ಮರಗೆಣಸು, ಬಾಳೆ, ಕೊಕ್ಕೋ, ಹಣ್ಣಿನ ಮರ, ಮದ್ದಿನ ಗಿಡ ಒಟ್ಟಿಗೆ ಬೆಳೆಯುವ, ಹೆಚ್ಚಾಗಿ ಹೆಂಗಸರೇ ನೋಡಿಕೊಳ್ಳುವ ತೋಟ ಅದು. ಬಾಳೆ, ಮೆಣಸು, ಏಲಕ್ಕಿಗಳನ್ನು ಅಡಿಕೆಯ ನೆರಳಿನಲ್ಲಿ ಬೆಳೆಸುವ ಮಲೆನಾಡಿನ ಕೃಷಿಕನಿಗೆ ಇದನ್ನು ವಿವರಿಸಬೇಕಿಲ್ಲ. ನೆರೆಯ ನಾಪೋ ಪ್ರಾಂತ್ಯದ ಚಕ್ರ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಜಾಗತಿಕ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು. ಅತಿಥಿ ಬಾರದ ವರ್ಷವೂ ಮರಗೆಣಸು ಬಲಿಯುತ್ತದೆ. ತೋಟ ತೊರೆದು ಕೋಣೆ ಕಟ್ಟಿರೆಂದು ಬುಡಕಟ್ಟು ಜನರಿಗೆ ಬೋಧಿಸುವ ಸಲಹೆಗಾರರು ಈ ವಿವರವನ್ನು ತಮ್ಮ ಯೋಜನಾ ವರದಿಗಳಲ್ಲಿ ಬರೆಯುವುದಿಲ್ಲ.

ಇನ್ನು ಕರ್ನಾಟಕದ ಮಾತು. ನಾಗರಹೊಳೆ ಅಮೆಜಾನ್ ಅಲ್ಲ, ಮಳೆಕಾಡೂ ಅಲ್ಲ. ಆದರೂ ಒಡೆತನದ ಪ್ರಶ್ನೆ ಅಲ್ಲಿ ಬೆತ್ತಲಾಗಿಯೇ ಎದ್ದು ನಿಂತಿತ್ತು. ವನ್ಯಜೀವಿಗಳಿಗೆ ಅಡ್ಡಿಯೆಂಬ ನೆಪವೊಡ್ಡಿ ಜೇನುಕುರುಬರನ್ನು ಹಾಡಿಗಳಿಂದ ಹೊರಹಾಕಿದ ಸರ್ಕಾರವೇ, 1990ರ ದಶಕದಲ್ಲಿ ಅದೇ ಕಾಡಿನ ಮುರ್ಕಲ್‌ನಲ್ಲಿ ತಾಜ್ ಹೋಟೆಲ್ ಸಮೂಹಕ್ಕೆ ವಿಲಾಸಿ ಅತಿಥಿಗೃಹ ನಡೆಸಲು ಗುತ್ತಿಗೆ ಕೊಟ್ಟಿತು. ಜೇನು ಕೀಳುವವನು ಅಡ್ಡಿ, ಜನರೇಟರ್ ಅಡ್ಡಿಯಲ್ಲ! ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಯೋಜನೆಗೆ ತಡೆಯೊಡ್ಡಿತು. ಹೋಟೆಲು ನಿಂತಿತು, ಆದರೆ ನೆಲ ಜೇನುಕುರುಬರಿಗೆ ಮರಳಲಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದಮೇಲೂ, 2025ರ ಮೇ ತಿಂಗಳಲ್ಲಿ ಕರಡಿಕಲ್ಲಿನ ಕುಟುಂಬಗಳು ತಮ್ಮ ಹಳೆಯ ನೆಲಕ್ಕೆ ತಾವಾಗಿಯೇ ಹಿಂತಿರುಗಿ ಗುಡಿಸಲು ಹಾಕಬೇಕಾಯಿತು.

ಆ ಕಾಯ್ದೆ ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. ಕಾಡಂಚಿನಲ್ಲಿ ಮುಂದಿನ ಸಫಾರಿಗೆ, ಮುಂದಿನ ವಸತಿಧಾಮಕ್ಕೆ ಟೆಂಡರ್ ಕರೆಯುವ ಮುನ್ನ ಹಾಡಿಯ ಗ್ರಾಮಸಭೆ ಸೇರಲಿ. ವಸತಿಧಾಮ ಬೇಕೇ ಬೇಡವೇ, ಬೇಕಾದರೆ ಎಷ್ಟು ಕೋಣೆ, ಯಾವ ದಾರಿ, ಯಾವ ತಿಂಗಳು ಬಂದ್ ಎಂಬುದನ್ನು ಜನ ಅಲ್ಲಿ ನಿರ್ಧರಿಸಲಿ. ಬೇಡ ಎಂದರೆ ಕಡತ ಅಲ್ಲಿಗೇ ಮುಚ್ಚಲಿ.